ದಾವಣಗೆರೆಯಿಂದ ಮುಂಬೈಗೆ: ರೈಲೋ, ಬಸ್ಸೋ, ವಿಮಾನವೋ, ಕಾರೋ?

ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್ ಚಿಲ್ಲರೆ. ಬಸ್ ಸಿಕ್ಕರೆ ಬಸ್, ರೈಲು ಸಿಕ್ಕರೆ ರೈಲು, ಜಾಸ್ತಿ ಯೋಚನೆ ಮಾಡುವುದಿಲ್ಲ. ಮುಂಬೈ ಹಾಗಲ್ಲ. ರಸ್ತೆಯಲ್ಲಿ ಸುಮಾರು 720 ಕಿಲೋಮೀಟರ್. ಹೊರಡುವ ಮಾತು ಬಂದ ಕೂಡಲೇ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹುಬ್ಬಳ್ಳಿಯಿಂದ ವಿಮಾನ ಹತ್ತಿದರೆ ಒಂದೂಕಾಲು ಗಂಟೆ ಅಂತ ಮಗ. ಸ್ಲೀಪರ್ ಬಸ್ಸಲ್ಲಿ ಮಲಗಿದರೆ ಬೆಳಗಾಗೋದರೊಳಗೆ ಅರ್ಧ ದಾರಿ ಮುಗಿದಿರುತ್ತೆ ಅಂತ ಅಳಿಯ. ರೈಲೇ ಆರಾಮ ಅಂತ ಅಪ್ಪ. ಮೂವರ ಮಾತೂ ನಿಜವೇ. ಆದರೆ ಮೂವರೂ ಗಾಡಿ ಓಡುವ ಹೊತ್ತನ್ನಷ್ಟೇ ಎಣಿಸುತ್ತಿದ್ದಾರೆ.

ನನ್ನ ಅನುಭವದಲ್ಲಿ ದೂರದ ಪ್ರಯಾಣವನ್ನು ಆ ತುದಿಯಿಂದ ಲೆಕ್ಕ ಹಾಕಬೇಕು. ಎಷ್ಟು ಹೊತ್ತಿಗೆ, ಯಾವ ಏರಿಯಾದಲ್ಲಿ, ಯಾರು ಹೋಗಿ ಇಳಿಯಬೇಕು ಅನ್ನೋದು ಗೊತ್ತಾದರೆ ಗಾಡಿ ಯಾವುದು ಅನ್ನೋದು ಮುಕ್ಕಾಲು ಪಾಲು ತಾನೇ ತೀರ್ಮಾನವಾಗುತ್ತದೆ. ಟಿಕೆಟ್ ದರ ನೋಡುವುದು ಆಮೇಲಿನ ಕೆಲಸ.

ಮೊದಲ ಹೆಜ್ಜೆ: ತಲುಪುವ ಹೊತ್ತನ್ನು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಸುಮ್ನೆ "ಶುಕ್ರವಾರ ಮುಂಬೈ" ಅಂತ ಬರೆದರೆ ಪ್ರಯೋಜನ ಇಲ್ಲ. "ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಪರೇಲ್, ಟಾಟಾ ಆಸ್ಪತ್ರೆ" ಅಂತ ಬರೆಯಿರಿ. ಅಥವಾ "ಶನಿವಾರ ಸಂಜೆ ಒಳಗೆ ಡೊಂಬಿವಿಲಿ, ಮಗಳ ಮನೆ" ಅಂತ. ಅಲ್ಲಿಂದ ಹಿಂದಕ್ಕೆ ಬನ್ನಿ. ಸ್ನಾನ, ತಿಂಡಿಗೆ ಎಷ್ಟು ಹೊತ್ತು? ಇಳಿದ ಜಾಗದಿಂದ ಅಲ್ಲಿಗೆ ಟ್ಯಾಕ್ಸಿಯಲ್ಲಿ ಎಷ್ಟು ಹೊತ್ತು? ಗಾಡಿ ತಡವಾದರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು?

ಈ ಕೊನೆಯ ಪ್ರಶ್ನೆ ಮುಖ್ಯ. ಮಗಳ ಮನೆಗೆ ಎರಡು ಗಂಟೆ ತಡವಾಗಿ ಹೋದರೆ ಊಟ ಆರುತ್ತದೆ, ಅಷ್ಟೇ. ಆಸ್ಪತ್ರೆ, ಇಂಟರ್‌ವ್ಯೂ, ಮದುವೆ ಮುಹೂರ್ತ ಇದ್ದರೆ ಎರಡು ಗಂಟೆಯಲ್ಲಿ ಎಲ್ಲ ಕೈತಪ್ಪುತ್ತದೆ. ಅಂಥ ಕೆಲಸಕ್ಕೆ ಯಾವ ಗಾಡಿಯಲ್ಲಿ ಹೋದರೂ ಹಿಂದಿನ ದಿನವೇ ತಲುಪಿರಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗುವವರು ಇನ್ನೂ ಒಂದು ದಿನ ಕೈಯಲ್ಲಿಟ್ಟುಕೊಂಡರೆ ಒಳ್ಳೆಯದು. ಲೋಣಾವಳ–ಕರ್ಜತ್ ನಡುವಿನ ಘಾಟಿಯಲ್ಲಿ ಮಳೆಗೆ ಗುಡ್ಡ ಜರಿದರೆ ರೈಲು ಪುಣೆಯಲ್ಲೇ ನಿಲ್ಲುತ್ತದೆ. ಮುಂಬೈ ಒಳಗೆ ನೀರು ನಿಂತರೆ ಬಸ್ಸು, ಲೋಕಲ್ ಎರಡೂ ನಿಲ್ಲುತ್ತವೆ.

ಎರಡನೇ ಹೆಜ್ಜೆ: ಮುಂಬೈಯಲ್ಲಿ ಎಲ್ಲಿ?

ಹೆಚ್ಚಿನವರು ಗಮನಿಸದ ವಿಷಯ ಇದು, ಆದರೆ ಅತಿ ಹೆಚ್ಚು ವ್ಯತ್ಯಾಸ ಆಗುವುದೂ ಇಲ್ಲೇ. ರೈಲು, ಬಸ್ಸು, ವಿಮಾನ ಒಂದೊಂದೂ ಮುಂಬೈಗೆ ಒಂದೊಂದು ದಿಕ್ಕಿನಿಂದ ಒಳಗೆ ಹೋಗುತ್ತವೆ. ನೀವು ಹೋಗಬೇಕಾದ ಏರಿಯಾ ಯಾವ ದಿಕ್ಕಿನಲ್ಲಿದೆ ಅಂತ ಮ್ಯಾಪ್‌ನಲ್ಲಿ ಒಮ್ಮೆ ನೋಡಿ.

ಪುಣೆ ಕಡೆಯಿಂದ ಬರುವ ಹೆಚ್ಚಿನ ರೈಲುಗಳು ಕಲ್ಯಾಣ್, ಠಾಣೆ ಮೇಲೆ ದಾದರ್ ಕಡೆಗೆ ಹೋಗುತ್ತವೆ. ಕಲ್ಯಾಣ್, ಡೊಂಬಿವಿಲಿ, ಉಲ್ಲಾಸನಗರ, ಠಾಣೆ, ಮುಲುಂಡ್‌ನಲ್ಲಿ ನಿಮ್ಮವರಿದ್ದರೆ ರೈಲಿಗೆ ಸಾಟಿ ಇಲ್ಲ. ಡೊಂಬಿವಿಲಿಯವರು ಕಲ್ಯಾಣ್‌ನಲ್ಲಿ ಇಳಿದರೆ ಮನೆ ಪಕ್ಕದಲ್ಲೇ ಇಳಿದ ಹಾಗೆ. ಅದೇ ಜನ ವಿಮಾನದಲ್ಲಿ ಹೋಗಿ ಅಂಧೇರಿ ಕಡೆ ಇಳಿದರೆ, ಸಂಜೆ ಟ್ರಾಫಿಕ್‌ನಲ್ಲಿ ಟ್ಯಾಕ್ಸಿಗೇ ಎರಡು ಗಂಟೆ ಹೋಗಬಹುದು.

ಬಸ್ಸು ಪನ್ವೇಲ್ ಮೇಲೆ ಒಳಗೆ ಬರುತ್ತದೆ. ಖಾರ್‌ಘರ್, ಬೇಲಾಪುರ, ನೆರೂಳ್, ವಾಶಿ, ಆಮೇಲೆ ಚೆಂಬೂರು, ಸಯನ್. ನವಿ ಮುಂಬೈಗೆ ಹೋಗುವವರಿಗೆ ಇದು ಅನುಕೂಲ. ಬೊರಿವಿಲಿ ತನಕ ಹೋಗುವ ಬಸ್ಸೂ ಇವೆ. ಆದರೆ ಸಯನ್ ದಾಟಿದ ಮೇಲೆ ನೀವು ಬಸ್ಸಿನಲ್ಲಿ ಕೂತು ಮುಂಬೈ ಟ್ರಾಫಿಕ್ ನೋಡುತ್ತಿರುತ್ತೀರಿ.

ವಿಮಾನ ಅಂದರೆ ಇಷ್ಟು ದಿನ ವಿಲೇಪಾರ್ಲೆ–ಅಂಧೇರಿ ಕಡೆಯ ನಿಲ್ದಾಣ ಅಂತಲೇ ಅರ್ಥ ಇತ್ತು. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ವಿಮಾನ ನಿಲ್ದಾಣವೂ ಶುರುವಾಗಿದೆ. ಅದು ಉಲ್ವೆ ಹತ್ತಿರ, ಪನ್ವೇಲ್ ಕಡೆ ಇದೆ. ಬುಕ್ ಮಾಡುವಾಗ ಬರೀ "ಮುಂಬೈ" ಅಂತ ನೋಡಿ ದುಡ್ಡು ಕಟ್ಟಬೇಡಿ, ಯಾವ ನಿಲ್ದಾಣ ಅಂತ ಓದಿ. ಎರಡರ ನಡುವೆ ಇಡೀ ಮುಂಬೈ ಇದೆ.

ವಸಾಯಿ, ವಿರಾರ್, ಭಾಯಂದರ್ ಕಡೆ ನೆಂಟರಿದ್ದರೆ ಇನ್ನೊಂದು ದಾರಿ ಇದೆ. ಬೆಂಗಳೂರು, ಮೈಸೂರಿನಿಂದ ಜೋಧಪುರ, ಗಾಂಧಿಧಾಮ, ಅಜ್ಮೇರ್‌ಗೆ ಹೋಗುವ ರೈಲುಗಳು ನಮ್ಮೂರ ಮೇಲೇ ಹೋಗಿ ಪುಣೆ, ಕಲ್ಯಾಣ್ ದಾಟಿ ವಸಾಯಿ ರೋಡ್ ಮೂಲಕ ಗುಜರಾತಿಗೆ ತಿರುಗುತ್ತವೆ. ನಮ್ಮ ಬಟ್ಟೆ ವ್ಯಾಪಾರಿಗಳಿಗೆ ಇವು ಚೆನ್ನಾಗಿ ಗೊತ್ತು. ಉಳಿದವರು "ಮುಂಬೈ" ಅಂತ ಹುಡುಕುತ್ತಾರೆ, ಈ ರೈಲುಗಳು ಪಟ್ಟಿಯಲ್ಲಿ ಕಾಣದೇ ಹೋಗುತ್ತವೆ. ಅದಕ್ಕೇ ಆ್ಯಪ್‌ನಲ್ಲಿ ಹುಡುಕುವಾಗ ದಾದರ್, ಠಾಣೆ, ಕಲ್ಯಾಣ್, ವಸಾಯಿ ರೋಡ್ ಅಂತ ಬೇರೆ ಬೇರೆಯಾಗಿ ಹಾಕಿ ನೋಡಿ.

ಮೂರನೇ ಹೆಜ್ಜೆ: ಯಾರು ಹೋಗುತ್ತಿದ್ದಾರೆ?

ಮೊಣಕಾಲು ನೋವಿನ ಅಮ್ಮ, ಸಕ್ಕರೆ ಕಾಯಿಲೆಯಿಂದ ಮತ್ತೆ ಮತ್ತೆ ಬಾತ್‌ರೂಮಿಗೆ ಹೋಗಬೇಕಾದ ಅಪ್ಪ, ಎರಡು ವರ್ಷದ ಮಗು. ಇವರಲ್ಲಿ ಒಬ್ಬರಿದ್ದರೂ ಸ್ಲೀಪರ್ ಬಸ್ ಬೇಡ ಅಂತಲೇ ನನ್ನ ಅಭಿಪ್ರಾಯ. ಬಸ್ಸು ಹೋಟೆಲ್ ಹತ್ತಿರ ನಿಂತಾಗಲಷ್ಟೇ ಇಳಿಯಬಹುದು. ಕೆಲವು ಹಿರಿಯರು ಅದಕ್ಕೆ ಹೆದರಿ ನೀರೇ ಕುಡಿಯುವುದಿಲ್ಲ. ಅದು ಒಳ್ಳೆಯದಲ್ಲ. ಮೇಲಿನ ಬರ್ತ್ ಹತ್ತುವುದಂತೂ ಅವರ ಕೈಲಾಗದ ಮಾತು.

ಒಬ್ಬರೇ ಹೋಗುವ ಹುಡುಗ, ಬೆನ್ನಿಗೊಂದು ಬ್ಯಾಗು, ನಾಳೆಯೇ ಹೋಗಬೇಕು. ಅಂಥವರಿಗೆ ಬಸ್ಸೇ ಸರಿ.

ರೈಲು

ಪುದುಚೇರಿ, ತಿರುನೆಲ್ವೇಲಿ, ಮೈಸೂರು ಈ ಮೂರು ಕಡೆಯಿಂದ ದಾದರ್‌ಗೆ ಹೋಗುವ ರೈಲುಗಳು ವಾರದ ದಿನಗಳನ್ನು ಹಂಚಿಕೊಂಡು ದಾವಣಗೆರೆ ಮೇಲೆ ಓಡುತ್ತವೆ. ದಾರಿ ಹುಬ್ಬಳ್ಳಿ, ಲೋಂಡಾ, ಬೆಳಗಾವಿ, ಮೀರಜ್, ಪುಣೆ. ಒಟ್ಟು ಹದಿನೇಳು, ಹದಿನೆಂಟು ಗಂಟೆ ಹಿಡಿಯುತ್ತದೆ. ಬಸ್ಸಿಗಿಂತ ನಿಧಾನ. ಆದರೆ ನಡುವೆ ಒಂದು ಇಡೀ ರಾತ್ರಿ ಕಾಲು ಚಾಚಿ ಮಲಗುತ್ತೀರಿ, ಬೇಕೆಂದಾಗ ಏಳುತ್ತೀರಿ. ಉದ್ಯಾನ್ ಎಕ್ಸ್‌ಪ್ರೆಸ್ ಹೆಸರು ಕೇಳಿ ಕೆಲವರು ಅದನ್ನು ಹುಡುಕುತ್ತಾರೆ. ಅದು ಗುಂತಕಲ್, ಸೊಲ್ಲಾಪುರದ ದಾರಿ. ನಮ್ಮೂರಿಗೆ ಬರುವುದಿಲ್ಲ. ಚಿತ್ರದುರ್ಗದವರಿಗೆ ಇನ್ನೊಂದು ಮಾತು: ನಿಮ್ಮ ಸ್ಟೇಷನ್ ಇರುವುದು ರಾಯದುರ್ಗದ ಕವಲು ಹಳಿಯ ಮೇಲೆ. ಮುಂಬೈ ರೈಲಿಗೆ ಚಿಕ್ಕಜಾಜೂರಿಗೋ ದಾವಣಗೆರೆಗೋ ಬರಬೇಕು. ಆ ರೈಲು ಚಿಕ್ಕಜಾಜೂರಿನಲ್ಲಿ ನಿಲ್ಲುತ್ತದಾ ಅಂತ ನೋಡಿಕೊಳ್ಳಿ. ಇಲ್ಲವಾದರೆ ಬಸ್ ಹತ್ತಿ ದಾವಣಗೆರೆಗೆ ಬರುವುದೇ ಸುಲಭ.

ಟಿಕೆಟ್ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಕೆಡುವುದು ಇಲ್ಲೇ. ಮುಂಗಡ ಬುಕಿಂಗ್ ಮೊದಲು 120 ದಿನ ಮುಂಚೆ ಶುರುವಾಗುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಗಣೇಶನ ಹಬ್ಬ, ದೀಪಾವಳಿ, ಬೇಸಿಗೆ ರಜೆ ಆದರೆ 60ನೇ ದಿನವೇ ಕೂತು ಮಾಡಿ.

ದಾವಣಗೆರೆ ರೈಲು ಹೊರಡುವ ಊರಲ್ಲ, ನಡುವಿನ ಊರು. ಅದಕ್ಕೇ ನಮಗೆ ಸಿಗುವ ಕೋಟಾ ಚಿಕ್ಕದು. ವೇಟಿಂಗ್ ಲಿಸ್ಟ್ ನಂಬರಿನ ಹಿಂದೆ ಯಾವ ಅಕ್ಷರ ಇದೆ ಅಂತ ನೋಡಿ. ಜಿಎನ್‌ಡಬ್ಲ್ಯೂಎಲ್ (ಸಾಮಾನ್ಯ ವೇಟಿಂಗ್ ಪಟ್ಟಿ) ಆದರೆ ಕನ್ಫರ್ಮ್ ಆಗುವ ಆಸೆ ಇಟ್ಟುಕೊಳ್ಳಬಹುದು. ಪಿಕ್ಯೂಡಬ್ಲ್ಯೂಎಲ್, ಆರ್‌ಎಲ್‌ಡಬ್ಲ್ಯೂಎಲ್ (ನಡುವಿನ ಊರುಗಳ ಚಿಕ್ಕ ಕೋಟಾದ ಪಟ್ಟಿಗಳು) ಆದರೆ ಅದನ್ನೇ ನೆಚ್ಚಿ ಕೂರಬೇಡಿ. ಇಂಥ ಹೊತ್ತಲ್ಲಿ ಹಿಂದಿನ ದೊಡ್ಡ ಸ್ಟೇಷನ್‌ನಿಂದ, ಉದಾಹರಣೆಗೆ ಬೆಂಗಳೂರಿನಿಂದ, ಸೀಟು ಇದೆಯಾ ಅಂತ ನೋಡಿ. ಇದ್ದರೆ ಅಲ್ಲಿಂದ ಟಿಕೆಟ್ ತೆಗೆದು, ಬುಕ್ ಮಾಡುವಾಗಲೇ ಬೋರ್ಡಿಂಗ್ ಸ್ಟೇಷನ್ ದಾವಣಗೆರೆ ಅಂತ ಹಾಕಬಹುದು. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಬರ್ತ್ ಗ್ಯಾರಂಟಿ. ಇದು ನಿಯಮದ ಒಳಗೇ ಇರುವ ದಾರಿ. ಬೋರ್ಡಿಂಗ್ ಬದಲಾಯಿಸದೆ ಸುಮ್ನೆ ಬಿಟ್ಟರೆ ಮಾತ್ರ, ನೀವು ಬರಲಿಲ್ಲ ಅಂತ ಟಿಟಿಇ ನಿಮ್ಮ ಬರ್ತನ್ನು ಇನ್ನೊಬ್ಬರಿಗೆ ಕೊಡುತ್ತಾರೆ.

ತತ್ಕಾಲ್, ಅಂದರೆ ಕೊನೇ ಗಳಿಗೆಯ ಬುಕಿಂಗ್‌ನಲ್ಲಿ ನಮ್ಮೂರವರು ತಪ್ಪುವ ಜಾಗ ಒಂದಿದೆ. ಎಸಿ ತತ್ಕಾಲ್ ಬೆಳಿಗ್ಗೆ 10ಕ್ಕೆ, ನಾನ್ ಎಸಿ 11ಕ್ಕೆ ತೆರೆಯುತ್ತದೆ, ಹಿಂದಿನ ದಿನ. ಯಾವ ದಿನದ ಹಿಂದಿನ ದಿನ? ರೈಲು ತನ್ನ ಮೊದಲ ಸ್ಟೇಷನ್ ಬಿಡುವ ದಿನದ ಹಿಂದಿನ ದಿನ. ಪುದುಚೇರಿಯಿಂದ ಬುಧವಾರ ಹೊರಟ ರೈಲು ದಾವಣಗೆರೆಗೆ ಬರುವುದು ಗುರುವಾರ ಅಂದುಕೊಳ್ಳಿ. ಅದರ ತತ್ಕಾಲ್ ಮಂಗಳವಾರವೇ ತೆರೆದು ಮಂಗಳವಾರವೇ ಖಾಲಿಯಾಗಿರುತ್ತದೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಮೊಬೈಲ್ ಹಿಡಿದು ಕೂತವರಿಗೆ ಸಿಗುವುದು ವೇಟಿಂಗ್ ಲಿಸ್ಟ್. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ರೈಲ್ವೆಯ ಐಆರ್‌ಸಿಟಿಸಿ ಅಕೌಂಟು ಆಧಾರ್‌ಗೆ ಜೋಡಣೆ ಆಗಿರಬೇಕು. ಅದನ್ನು ಇವತ್ತೇ ಮಾಡಿಡಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ ಅನ್ನೋದೂ ನೆನಪಿರಲಿ.

ಆರ್‌ಎಸಿ (ಒಂದೇ ಬರ್ತಿನಲ್ಲಿ ಇಬ್ಬರು ಕೂರುವ ಟಿಕೆಟ್) ಬಂದರೆ ಹತ್ತಬಹುದು, ಕೂರಲು ಜಾಗ ಖಂಡಿತ. ಆನ್‌ಲೈನ್ ಟಿಕೆಟ್ ಕೊನೆಗೂ ವೇಟಿಂಗ್‌ನಲ್ಲೇ ಉಳಿದರೆ ಅದು ತಾನೇ ರದ್ದಾಗಿ ದುಡ್ಡು ವಾಪಸ್ ಬರುತ್ತದೆ. ಆ ಟಿಕೆಟ್ ಹಿಡಿದು ಸ್ಲೀಪರ್ ಡಬ್ಬಿ ಹತ್ತುವಂತಿಲ್ಲ.

ಹಿರಿಯರಿಗೆ ಟಿಕೆಟ್ ದರದಲ್ಲಿ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ ಲೋಯರ್ ಬರ್ತ್ ಕೋಟಾ ಇದೆ: 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಒಬ್ಬರೇ ಅಥವಾ ಇಬ್ಬರೇ ಹೋಗುವಾಗ ಈ ಕೋಟಾ ಕೆಲಸ ಮಾಡುತ್ತದೆ. ಹಾಗಾಗಿ ಮನೆಮಂದಿಯೆಲ್ಲ ಹೊರಟಾಗ ಅಪ್ಪ ಅಮ್ಮನ ಟಿಕೆಟ್ ಬೇರೆ, ನಿಮ್ಮದು ಬೇರೆ ಮಾಡಿ ನೋಡಿ. ವಯಸ್ಸನ್ನು ಆಧಾರ್‌ನಲ್ಲಿ ಇರುವ ಹಾಗೇ ಹಾಕಿ.

ಟಾಟಾ ಆಸ್ಪತ್ರೆಗೆ ಹೋಗುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ರಿಯಾಯಿತಿ ಈಗಲೂ ಇದೆ. ಚಿಕಿತ್ಸೆಗೋ ಚೆಕಪ್‌ಗೋ ಹೋಗುವಾಗ ಸ್ಲೀಪರ್ ಮತ್ತು ತ್ರೀ ಟೈರ್ ಎಸಿಯಲ್ಲಿ ರೋಗಿಗೆ 100%, ಜೊತೆಗೆ ಹೋಗುವ ಒಬ್ಬರಿಗೆ 75%. ಆಸ್ಪತ್ರೆಯವರು ರೈಲ್ವೆ ನಮೂನೆಯಲ್ಲಿ ಬರೆದು ಸೀಲು ಹಾಕಿ ಕೊಟ್ಟ ಸರ್ಟಿಫಿಕೇಟ್ ಬೇಕು. ಅದನ್ನು ಸ್ಟೇಷನ್ ಕೌಂಟರಿನಲ್ಲಿ ತೋರಿಸಿ ಟಿಕೆಟ್ ತೆಗೆಸಬೇಕು. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಮೊದಲೇ ಸೋತಿರುವ ಮನೆಯವರು ಪ್ರತಿ ಸಲವೂ ಪೂರ್ತಿ ದುಡ್ಡು ಕೊಟ್ಟು ಹೋಗುವುದು ನೋಡಿದರೆ ಸಂಕಟವಾಗುತ್ತದೆ. ಗೊತ್ತಿದ್ದವರು ದಯವಿಟ್ಟು ಹೇಳಿ. ದಾದರ್‌ನಿಂದ ಪರೇಲ್ ಪಕ್ಕದಲ್ಲೇ ಇದೆ, ಟ್ಯಾಕ್ಸಿಯಲ್ಲಿ ಬೇಗ ತಲುಪುತ್ತೀರಿ. ಈ ಒಂದು ಕೆಲಸಕ್ಕಂತೂ ರೈಲು ಬಿಟ್ಟು ಬೇರೆ ಯೋಚಿಸಬೇಡಿ, ರೋಗಿಗೆ ಕೂರುವ ಶಕ್ತಿ ಇರುವ ತನಕ.

ಬಸ್ಸು

ಸಂಜೆ ಬೆಂಗಳೂರು ಬಿಟ್ಟ ಖಾಸಗಿ ಸ್ಲೀಪರ್‌ಗಳು ರಾತ್ರಿ ಹತ್ತರಿಂದ ಒಂದರ ನಡುವೆ ದಾವಣಗೆರೆ ದಾಟುತ್ತವೆ. ಇಲ್ಲಿಂದ ಮುಂಬೈಗೆ ಹನ್ನೆರಡರಿಂದ ಹದಿನಾಲ್ಕು ಗಂಟೆ. ಸತಾರಾ–ಕೊಲ್ಹಾಪುರ ಕಡೆ ರಸ್ತೆ ಕೆಲಸ ಇದ್ದರೆ ಇನ್ನೂ ಜಾಸ್ತಿ.

ಹೆಚ್ಚಿನ ಬಸ್ಸುಗಳು ಊರೊಳಗೆ ಬರುವುದಿಲ್ಲ. ಟಿಕೆಟ್‌ನಲ್ಲಿ "ದಾವಣಗೆರೆ" ಅಂತ ಇರುತ್ತದೆ, ನಿಲ್ಲುವುದು ಹೈವೇ ಬೈಪಾಸ್‌ನಲ್ಲಿ. ಅಲ್ಲಿನ ಪರಿಸ್ಥಿತಿ ಹೇಗಿರುತ್ತದೆ ಅಂದರೆ, ಸರ್ವಿಸ್ ರೋಡ್ ಪಕ್ಕ ಕತ್ತಲು, ಒಂದೆರಡು ಆಟೋ, ಬ್ಯಾಗಿನ ಮೇಲೆ ಕೂತ ನಾಲ್ಕು ಜನ. ಲಾರಿಗಳು ಹೋಗುತ್ತಲೇ ಇರುತ್ತವೆ. ಪ್ರತಿ ಹೆಡ್‌ಲೈಟಿಗೂ ಎದ್ದು ನಿಂತು ಬೋರ್ಡ್ ಓದಬೇಕು. ಫೋನ್ ಮಾಡಿದರೆ "ಐದೇ ನಿಮಿಷ ಸಾರ್, ಚಿತ್ರದುರ್ಗ ಬಿಟ್ಟಿದೀವಿ" ಅನ್ನುತ್ತಾರೆ. ಚಿತ್ರದುರ್ಗದಿಂದ ಇಲ್ಲಿಗೆ ಅರವತ್ತು ಕಿಲೋಮೀಟರ್! ಅದಕ್ಕೇ ಲೈವ್ ಟ್ರ್ಯಾಕಿಂಗ್ ಲಿಂಕ್ ಕೊಡುವ ಬಸ್ಸನ್ನೇ ಆರಿಸಿ. ಬಸ್ಸು ದುರ್ಗ ದಾಟಿದ್ದನ್ನು ಕಣ್ಣಾರೆ ನೋಡಿ ಮನೆ ಬಿಡಿ. ಹೆಣ್ಣುಮಕ್ಕಳು ಒಬ್ಬರೇ ಹೊರಟಿದ್ದರೆ ಹತ್ತಿಸಲು ಮನೆಯವರು ಜೊತೆಗೆ ಹೋಗಿ, ಬಸ್ ನಂಬರ್ ಬರೆದುಕೊಂಡು ಬನ್ನಿ.

ಹತ್ತಿದ ಕೂಡಲೇ ಮಲಗಬೇಡಿ. ಎಮರ್ಜೆನ್ಸಿ ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ, ಆ ದಾರಿಗೆ ಲಗೇಜು ಅಡ್ಡ ಇಟ್ಟಿದ್ದಾರಾ ನೋಡಿ. 2025ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಹಿರಿಯೂರು ತಾಲೂಕಿನಲ್ಲಿ ಇದೇ ಹೈವೇ ಮೇಲೆ ಲಾರಿ ಡಿಕ್ಕಿಯಾಗಿ ಸ್ಲೀಪರ್ ಬಸ್ಸಿಗೆ ಬೆಂಕಿ ಹತ್ತಿತು, ಜೀವಗಳು ಹೋದವು. ಅಂಥ ಹೊತ್ತಲ್ಲಿ ಬಾಗಿಲು ಹುಡುಕಲು ಸಮಯ ಇರುವುದಿಲ್ಲ. ಬಾಗಿಲು ಅಡ್ಡ ಕಟ್ಟಿದ್ದರೆ ತೆಗೆಸಿ, ಸಂಕೋಚ ಬೇಡ. ಬರ್ತ್ ಆರಿಸುವಾಗ ಬಸ್ಸಿನ ಮಧ್ಯಭಾಗದ ಕೆಳಗಿನದು ತೆಗೆದುಕೊಳ್ಳಿ, ಕುಲುಕಾಟ ಕಡಿಮೆ.

ಸರ್ಕಾರಿ ಬಸ್ಸೇ ಬೇಕು ಅನ್ನುವವರು ಹುಬ್ಬಳ್ಳಿ ಅಥವಾ ಬೆಳಗಾವಿ ತನಕ ಹೋಗಿ, ಅಲ್ಲಿಂದ ವಾಯವ್ಯ ಸಾರಿಗೆಯ ಪುಣೆ, ಮುಂಬೈ ಬಸ್ ಹಿಡಿಯಬಹುದು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಲ್ಲಿ ರಾಜ್ಯದೊಳಗೆ ಟಿಕೆಟ್ ದುಡ್ಡು ಕೊಡಬೇಕಿಲ್ಲ. ರಾಜಹಂಸ, ಐರಾವತ, ಅಂಬಾರಿಗೆ ಅದು ಅನ್ವಯಿಸುವುದಿಲ್ಲ, ಮಹಾರಾಷ್ಟ್ರಕ್ಕೆ ಹೋಗುವ ಬಸ್ಸಿಗೂ ಇಲ್ಲ.

ವಿಮಾನ

ದಾವಣಗೆರೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಶಿವಮೊಗ್ಗದ್ದು ಹತ್ತಿರ, ಆದರೆ ಅಲ್ಲಿಂದ ಹೋಗುವ ಊರುಗಳು ಕಡಿಮೆ. ಮುಂಬೈಗೆ ಹುಬ್ಬಳ್ಳಿಯೇ ಸರಿ, ಸುಮಾರು 150 ಕಿಲೋಮೀಟರ್. ನಿಲ್ದಾಣ ಗೋಕುಲ ರೋಡಿನಲ್ಲಿದೆ, ಹೊಸ ಬಸ್ ಸ್ಟ್ಯಾಂಡೂ ಅದೇ ರೋಡಿನಲ್ಲಿ. ಬಸ್ಸಲ್ಲಿ ಹೋದರೆ ಅಲ್ಲಿಂದ ಆಟೋ ಸಾಕು.

ಮಧ್ಯಾಹ್ನ ಒಂದಕ್ಕೆ ವಿಮಾನ ಅಂತ ಇಟ್ಟುಕೊಳ್ಳಿ. ಹನ್ನೊಂದಕ್ಕೆ ನಿಲ್ದಾಣದಲ್ಲಿರಬೇಕು. ಬಸ್ಸಿಗೆ ಮೂರು ಗಂಟೆ, ಹೆಚ್ಚುಕಮ್ಮಿ ಆದರೆ ಅಂತ ಅರ್ಧ ಗಂಟೆ. ಅಂದರೆ ಏಳೂವರೆಗೆ ಮನೆ ಬಿಡಬೇಕು. ಎರಡೂಕಾಲಿಗೆ ಮುಂಬೈ, ಬ್ಯಾಗ್ ಬರುವಾಗ ಎರಡೂ ಮುಕ್ಕಾಲು, ಠಾಣೆಗೋ ಡೊಂಬಿವಿಲಿಗೋ ಹೋಗುವಾಗ ನಾಲ್ಕೂವರೆ. ಒಟ್ಟು ಒಂಬತ್ತು ಗಂಟೆ. ಒಂದೂಕಾಲು ಗಂಟೆಯ ವಿಮಾನ ಒಂದು ಹಗಲನ್ನು ತಿಂದಿತು, ಅಲ್ವಾ? ಆದರೆ ಅದೇ ವ್ಯಕ್ತಿ ಅಂಧೇರಿಯಲ್ಲಿ ಮೀಟಿಂಗ್ ಮುಗಿಸಬೇಕಾದರೆ ಇದಕ್ಕಿಂತ ಬೇಗದ ದಾರಿ ಇಲ್ಲ. ಸಾಮಾನು ಜಾಸ್ತಿ ಇದ್ದರೆ ಎಚ್ಚರ. ಸಾಮಾನ್ಯವಾಗಿ 15 ಕಿಲೋ ಬ್ಯಾಗು, ಕೈಯಲ್ಲಿ 7 ಕಿಲೋ. ಬಾಣಂತಿಗೆ ಅಂತ ಅಂಟಿನುಂಡೆ, ಖಾರದ ಪುಡಿ, ಅಕ್ಕಿ ಕಟ್ಟಿದ್ದರೆ ಅದು ಎಲ್ಲಿಗೂ ಸಾಲುವುದಿಲ್ಲ.

ಹುಬ್ಬಳ್ಳಿಯಲ್ಲಿ ಹೊತ್ತು ಹೊಂದದಿದ್ದರೆ ಬೆಂಗಳೂರಿನಿಂದ ದಿನವಿಡೀ ವಿಮಾನಗಳಿವೆ. ಕಾರಲ್ಲಿ ಹೋಗುವವರು ಊರೊಳಗೆ ಸಿಕ್ಕಿಹಾಕಿಕೊಳ್ಳಬೇಡಿ. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಿ.

ಕಾರು

ನಾಲ್ಕು ಜನ, ತುಂಬಾ ಸಾಮಾನು, ದಾರಿಯಲ್ಲಿ ಕೊಲ್ಹಾಪುರದ ಮಹಾಲಕ್ಷ್ಮಿ ದರ್ಶನ. ಹೀಗಿದ್ದರೆ ಕಾರು ಚೆನ್ನ. ಲೀಟರಿಗೆ 18 ಕಿಲೋಮೀಟರ್ ಕೊಡುವ ಗಾಡಿಗೆ ಒಂದು ದಿಕ್ಕಿಗೆ 40 ಲೀಟರ್ ಪೆಟ್ರೋಲ್, ನಾಲ್ಕು ಸಾವಿರದ ಮೇಲೆ. ಟೋಲ್ ಬೇರೆ. ಫಾಸ್ಟ್ಯಾಗ್ ವಾರ್ಷಿಕ ಪಾಸ್ ರಾಷ್ಟ್ರೀಯ ಹೆದ್ದಾರಿಗೆ ನಡೆಯುತ್ತದೆ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಗೆ ನಡೆಯುವುದಿಲ್ಲ. ಒಬ್ಬರು, ಇಬ್ಬರಿಗಾದರೆ ಇದು ದುಬಾರಿ.

ದುಡ್ಡಿಗಿಂತ ದೊಡ್ಡ ವಿಷಯ ನಿದ್ದೆ. ಒಬ್ಬರೇ ಡ್ರೈವರ್ ಆದರೆ 720 ಕಿಲೋಮೀಟರ್ ಒಂದೇ ಸಲ ಬೇಡ. ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ರೂಮ್ ಮಾಡಿ. 2021ರ ಜನವರಿಯಲ್ಲಿ ನಮ್ಮೂರಿನಿಂದ ಗೋವಾಕ್ಕೆ ಹೊರಟ ಗೆಳತಿಯರ ಟೆಂಪೋ ಟ್ರಾವೆಲರ್ ಹುಬ್ಬಳ್ಳಿ–ಧಾರವಾಡ ಬೈಪಾಸ್‌ನಲ್ಲಿ, ಇಟಿಗಟ್ಟಿ ಹತ್ತಿರ ಅಪಘಾತಕ್ಕೆ ಸಿಕ್ಕಿದ್ದನ್ನು ದಾವಣಗೆರೆ ಇನ್ನೂ ಮರೆತಿಲ್ಲ. ಬಾಡಿಗೆ ಗಾಡಿ ಆದರೆ ಡ್ರೈವರ್ ಹಿಂದಿನ ರಾತ್ರಿ ಮಲಗಿದ್ದಾರಾ ಅಂತ ನೇರವಾಗಿ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಹೈವೇಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಿ.

ಬುಕ್ ಮಾಡುವ ಕ್ರಮ

ಮೊದಲು ರೈಲು ನೋಡಿ, ಕನ್ಫರ್ಮ್ ಇದ್ದರೆ ಅಲ್ಲೇ ಮುಗಿಸಿ. ವೇಟಿಂಗ್ ಇದ್ದರೆ ಅದನ್ನೂ ತೆಗೆದಿಟ್ಟು, ರದ್ದು ಮಾಡಿದರೆ ಹೆಚ್ಚು ದುಡ್ಡು ಹಿಡಿಯದ ಬಸ್ ಟಿಕೆಟ್ ಒಂದನ್ನು ಜೊತೆಗೆ ಮಾಡಿ. ಎಷ್ಟು ಗಂಟೆ ಮುಂಚೆ ರದ್ದು ಮಾಡಿದರೆ ಎಷ್ಟು ವಾಪಸ್ ಅಂತ ಬರೆದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಯಾರಿಗೆ ಬರ್ತ್ ಸಿಕ್ಕಿತು ಅಂತ ತೋರಿಸುವ ರೈಲಿನ ಚಾರ್ಟ್ ಈಗ ಮೊದಲಿನ ನಾಲ್ಕು ಗಂಟೆಗಿಂತ ಎಷ್ಟೋ ಮುಂಚೆಯೇ ತಯಾರಾಗುತ್ತದೆ. ಹಾಗಾಗಿ ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸಲು ಹೊತ್ತು ಸಿಗುತ್ತದೆ. ಎರಡೂ ಆಗದಿದ್ದರೆ ಹುಬ್ಬಳ್ಳಿ ವಿಮಾನ.

ವಾಪಸ್ ಟಿಕೆಟ್ಟನ್ನೂ ಅದೇ ದಿನ ಮಾಡಿ. ದಾದರ್‌ನಿಂದ ನಮ್ಮ ಕಡೆ ಬರುವ ರೈಲು ರಾತ್ರಿ ಹೊರಡುತ್ತದೆ. ಸಂಜೆ ಐದರಿಂದ ಒಂಬತ್ತರ ತನಕ ಬ್ಯಾಗು ಹಿಡಿದು ಲೋಕಲ್ ಹತ್ತುವುದು ವಯಸ್ಸಾದವರಿಗೆ ಆಗದ ಕೆಲಸ. ಡೊಂಬಿವಿಲಿ, ಕಲ್ಯಾಣ್ ಕಡೆ ಇರುವವರು ಬೋರ್ಡಿಂಗ್ ಸ್ಟೇಷನ್ ಕಲ್ಯಾಣ್ ಅಂತ ಹಾಕಿ, ರಾತ್ರಿ ಊಟ ಮುಗಿಸಿ ಆಟೋದಲ್ಲಿ ಹೋಗಿ ಹತ್ತಿಕೊಳ್ಳಿ.